ಟೈಮ್‌ಶಿಫ್ಟ್: ಲೈವ್ ಟಿವಿಗೆ ಪಾಸ್ ಒತ್ತಿದಾಗ ಆಗುವುದೇನು?

ಲೈವ್ ಬರುತ್ತಿರುವ ಕಾರ್ಯಕ್ರಮಕ್ಕೆ ಪಾಸ್ ಒತ್ತಿ, ಹತ್ತು ನಿಮಿಷ ಬಿಟ್ಟು ಅಲ್ಲಿಂದಲೇ ನೋಡುವ ಸೌಲಭ್ಯಕ್ಕೆ ಟೈಮ್‌ಶಿಫ್ಟ್ ಅನ್ನುತ್ತಾರೆ. ಚಾನೆಲ್ ಏನೂ ನಮಗಾಗಿ ನಿಲ್ಲುವುದಿಲ್ಲ. ಅದು ತನ್ನ ಪಾಡಿಗೆ ಬರುತ್ತಲೇ ಇರುತ್ತದೆ. ಟಿವಿಯ ಸೆಟ್‌ಟಾಪ್ ಬಾಕ್ಸ್ ಅದನ್ನು ಹಾರ್ಡ್ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ಬರೆದುಕೊಳ್ಳುತ್ತಾ, ಅದೇ ಹೊತ್ತಿಗೆ ಆಗಲೇ ಬರೆದದ್ದನ್ನು ಓದಿ ತೋರಿಸುತ್ತದೆ.

ಮೊದಲು ಈ ಮಾತು ಬಳಕೆಯಾದದ್ದು ವಿಸಿಆರ್‌ನಲ್ಲಿ, ಅಂದರೆ ವಿಡಿಯೊ ಕ್ಯಾಸೆಟ್ ಯಂತ್ರದಲ್ಲಿ, ರೆಕಾರ್ಡ್ ಮಾಡಿ ಆಮೇಲೆ ನೋಡುವುದಕ್ಕೆ. ಮನೆಯಲ್ಲಿ ಹಾಗೆ ಮಾಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಅನ್ನುವ ವಿಸಿಆರ್ ಪ್ರಕರಣದಲ್ಲಿ ಹೇಳಿತು. ಲೈವ್ ಅನ್ನೇ ನಿಲ್ಲಿಸುವ ಬಾಕ್ಸ್‌ಗಳು, ಟಿವೊ ಥರದವು, 1999ರಲ್ಲಿ ಅಲ್ಲಿನ ಅಂಗಡಿಗೆ ಬಂದವು. ನಮ್ಮಲ್ಲಿ 2008ರಲ್ಲಿ ಅಂಥದೇ ಬಾಕ್ಸ್ ಟಾಟಾ ಸ್ಕೈ ಪ್ಲಸ್ ಬಂತು. ಈಗ ದೂರದರ್ಶನದ ಉಚಿತ ಫ್ರೀ ಡಿಶ್‌ಗೆ ಹಾಕುವ ಅಗ್ಗದ ಬಾಕ್ಸ್‌ಗಳಲ್ಲೂ ಯುಎಸ್‌ಬಿ ಕಿಂಡಿ ಇರುತ್ತದೆ, ಮೆನುವಿನಲ್ಲಿ ಟೈಮ್‌ಶಿಫ್ಟ್ ಅಂತಲೂ ಕಾಣುತ್ತದೆ.

ಜನರ ದೂರುಗಳಲ್ಲಿ ಜಾಸ್ತಿ ಪಾಲು ಟೈಮ್‌ಶಿಫ್ಟನ್ನೇ ರೆಕಾರ್ಡಿಂಗ್ ಅಂದುಕೊಳ್ಳುವುದರಿಂದ ಹುಟ್ಟುತ್ತದೆ ಅನ್ನುವುದು ನನ್ನ ಅನಿಸಿಕೆ. ರೆಕಾರ್ಡಿಂಗ್ ಉಳಿಯುವ ಫೈಲು. ಟೈಮ್‌ಶಿಫ್ಟ್ ಹಾಗಲ್ಲ. ಇಷ್ಟು ಜಾಗ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಅದು ತುಂಬಿದರೆ ಸ್ಲೇಟಿನ ಮೇಲಿನ ಸಾಲು ಒರೆಸಿ ಹೊಸದು ಬರೆದ ಹಾಗೆ, ಹಳೆಯ ಭಾಗ ಅಳಿಸಿಹೋಗುತ್ತದೆ. ಚಾನೆಲ್ ಬದಲಿಸಿದರೆ ಸಾಮಾನ್ಯವಾಗಿ ಪೂರ್ತಿ ಹೋಗುತ್ತದೆ. ನೀವು ಮ್ಯಾಚ್ ನಿಲ್ಲಿಸಿ ಊಟಕ್ಕೆ ಕೂತಾಗ ಮನೆಯಲ್ಲಿ ಯಾರೋ ಧಾರಾವಾಹಿ ಹಾಕಿದರು ಅಂದರೆ, ಮುಗೀತು.

ಇನ್ನೊಂದು ದೊಡ್ಡ ತಲೆನೋವು ಪೆನ್ ಡ್ರೈವ್. ಚಿತ್ರ ತಡವರಿಸುತ್ತದೆ, ಚೌಕಚೌಕವಾಗಿ ಒಡೆಯುತ್ತದೆ, ದನಿ ಹಿಂದೆ ಬೀಳುತ್ತದೆ. ಲೆಕ್ಕ ಹಾಕಿದರೆ ಹೀಗಾಗಬಾರದು. ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್ ಬಂದರೂ ಅದು 1 ಮೆಗಾಬೈಟ್ ಅಷ್ಟೇ. ಎಂಥ ಅಗ್ಗದ ಪೆನ್ ಡ್ರೈವ್ ಕೂಡ ಸರಾಸರಿ ಅಷ್ಟು ಬರೆಯುತ್ತದೆ. ತೊಂದರೆ ಇರುವುದು ಸರಾಸರಿಯಲ್ಲಲ್ಲ, ನಡುವೆ ಬರುವ ತಡೆಯಲ್ಲಿ. ಹಳೆಯದನ್ನು ಅಳಿಸಿ ಜಾಗ ಮಾಡಿಕೊಳ್ಳಲು ಪೆನ್ ಡ್ರೈವ್ ಆಗಾಗ ಒಂದು ಕ್ಷಣ ನಿಂತುಬಿಡುತ್ತದೆ. ಫೋಟೊ ಕಾಪಿ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಕಾಯುತ್ತದೆ. ಲೈವ್ ಚಾನೆಲ್ ಕಾಯುವುದಿಲ್ಲ ಅಲ್ವಾ? ಬಾಕ್ಸ್‌ನ ಮೆಮೊರಿಯೂ ಚಿಕ್ಕದು. ಅದು ತುಂಬಿ ತುಳುಕಿದಾಗ ಬಂದ ಡೇಟಾ ಬಿದ್ದುಹೋಗುತ್ತದೆ. ಜೊತೆಗೆ ಓದುವ ಕೆಲಸವೂ ಅದೇ ಡ್ರೈವ್ ಮೇಲೆ. ಹಾಗಾಗಿ ಹಾರ್ಡ್ ಡಿಸ್ಕ್ ಇಲ್ಲವೇ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ವೇಗದ ಡಿಸ್ಕ್) ಹಾಕುವುದು ವಾಸಿ. ಕೆಲವು ಹಾರ್ಡ್ ಡಿಸ್ಕ್‌ಗಳಿಗೆ ಬಾಕ್ಸ್ ಕೊಡುವ ಕರೆಂಟ್ ಸಾಲದು, ಅಂಥವಕ್ಕೆ ಬೇರೆ ಅಡಾಪ್ಟರ್ ಬೇಕು.

ಫಾರ್ಮ್ಯಾಟ್‌ನದೂ ಒಂದು ಕಿರಿಕಿರಿ. ಡ್ರೈವ್‌ನಲ್ಲಿ ಫೈಲು ಜೋಡಿಸಿಡುವ ಹಳೆಯ ಪದ್ಧತಿ ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಮೇಲಿನ ಲೆಕ್ಕದಲ್ಲಿ ಎಚ್‌ಡಿ ಗಂಟೆಗೆ 3.6 ಜಿಬಿ ತಿನ್ನುತ್ತದೆ. ಕೆಲವು ಬಾಕ್ಸ್‌ಗಳು ಫೈಲನ್ನು ತುಂಡು ಮಾಡಿ ಮುಂದುವರಿಸುತ್ತವೆ, ಕೆಲವು ಸುಮ್ನೆ ನಿಂತುಬಿಡುತ್ತವೆ. ಒಂದು ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಲ್ಲುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಮಳೆ ಬಂದು ಸಿಗ್ನಲ್ ಹೋದಾಗ ಹಿಂದಕ್ಕೆ ಓಡಿಸಿ ನೋಡಿ ಪ್ರಯೋಜನವಿಲ್ಲ. ಬಾಕ್ಸ್‌ಗೆ ಬಾರದ್ದು ಡಿಸ್ಕ್‌ಗೂ ಹೋಗಿರುವುದಿಲ್ಲ.

ಕೊನೆಗೆ ಬೀಗದ ಸಂಗತಿ. ದುಡ್ಡು ಕೊಟ್ಟು ನೋಡುವ ಡಿಟಿಎಚ್ ಬಾಕ್ಸ್‌ಗಳು ಬರೆದದ್ದನ್ನು ಸಾಮಾನ್ಯವಾಗಿ ತಮ್ಮದೇ ಕೀಲಿಯಿಂದ ಲಾಕ್ ಮಾಡುತ್ತವೆ. ಆ ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಹಾಕಿದರೂ ಏನೂ ಓಡುವುದಿಲ್ಲ. ಬಾಕ್ಸ್ ಕೆಟ್ಟರೆ ರೆಕಾರ್ಡಿಂಗೂ ಹೋದಂತೆಯೇ. ಲಾಕ್ ಇಲ್ಲದ ಉಚಿತ ಚಾನೆಲ್‌ಗಳನ್ನು ಮಾಮೂಲಿ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಹೆಚ್ಚಾಗಿ ಟಿಎಸ್ ಅನ್ನುವ ವಿಡಿಯೊ ಫೈಲು ಸಿಗುತ್ತದೆ, ಕಂಪ್ಯೂಟರ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡುತ್ತದೆ. ಆದರೆ ಅದಕ್ಕೆ ಪಾಸ್ ಅಲ್ಲ, ರೆಕಾರ್ಡ್ ಬಟನ್ನೇ ಒತ್ತಬೇಕು. ಮತ್ತೆ, ಹೊಸ ಡ್ರೈವ್ ಚುಚ್ಚಿದ ಕೂಡಲೇ ಫಾರ್ಮ್ಯಾಟ್ ಮಾಡಲೇ ಅಂತ ಬಾಕ್ಸ್ ಕೇಳಬಹುದು. ಮದುವೆ ಫೋಟೊ ಇರುವ ಡ್ರೈವ್ ಆಗಿದ್ದರೆ ಓಕೆ ಒತ್ತಬೇಡಿ.