ನೂರು ಮೈಲಿ ನಡೆಯುವ ಕಾಲಿನ ಲೆಕ್ಕ

ಮಳೆಗಾಲ ಮುಗಿಯುತ್ತಿದ್ದಂತೆ ಬದಿಯಡ್ಕ ಕಡೆಯ ಮಾಸ್ತರರೊಬ್ಬರು ನನ್ನ ಫಿಸಿಯೋಥೆರಪಿ ಕೋಣೆಗೆ ಬಂದರು. ಐವತ್ತು ದಾಟಿದವರು. ಕಣಕಾಲಿನ ಮುಂಭಾಗಕ್ಕೆ ಬೆರಳಿಟ್ಟು, "ಓಡಿದ್ದಲ್ಲ ಡಾಕ್ಟರೇ, ಬರೀ ನಡೆದದ್ದು" ಎಂದರು. ಬರೀ ನಡೆದದ್ದು ಎಂದರೆ ವಾರಕ್ಕೆ ತೊಂಬತ್ತು ಕಿಲೋಮೀಟರು. ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಅಲ್ಲಿಗೆ ಹೋದಾಗ ನಡೆದು ಸೆಂಚುರಿಯನ್ ಆಗಬೇಕು ಎಂಬುದು ಅವರ ಆಸೆ.

ನೂರು ಮೈಲಿಯನ್ನು, ಅಂದರೆ ಸುಮಾರು 161 ಕಿಲೋಮೀಟರನ್ನು, ಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣೆದುರು 24 ಗಂಟೆಯೊಳಗೆ ನಡೆದು ಮುಗಿಸಿದವರಿಗೆ ಸಿಗುವ ಮನ್ನಣೆ ಅದು. ಇಂಗ್ಲೆಂಡಿನಲ್ಲಿ ಈ ನಡಿಗೆಗಾರರ ಬಳಗ ಹುಟ್ಟಿದ್ದು 1911ರಲ್ಲಿ. ಮುಗಿಸಿದ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ. ಮೊದಲನೆಯದು, 1877ರಲ್ಲಿ 20 ಗಂಟೆ 36 ನಿಮಿಷಗಳಲ್ಲಿ ನಡೆದು ಮುಗಿಸಿದ್ದ ಫೌಲರ್ ಡಿಕ್ಸನ್ ಅವರದು. ಗಡುವಿಗೆ ಎರಡೇ ನಿಮಿಷ ಉಳಿದಿರುವಾಗ ಗೆರೆ ದಾಟಿದವರಿಗೂ ಸಂಖ್ಯೆ ಸಿಗುತ್ತದೆ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಅದೇ.

ಕಷ್ಟವಿರುವುದು ಲೆಕ್ಕದಲ್ಲಿ. ಎಲ್ಲಿಯೂ ನಿಲ್ಲದಿದ್ದರೂ ಗಂಟೆಗೆ 6.7 ಕಿಲೋಮೀಟರ್ ವೇಗ ಬೇಕು. ಏಳರ ವೇಗದಲ್ಲಿ ನಡೆದರೆ ಇಡೀ ಹಗಲು ರಾತ್ರಿಯಲ್ಲಿ ಕೈಗೆ ಉಳಿಯುವುದು ಒಂದೇ ಗಂಟೆ. ಉಣ್ಣುವುದು, ಸಾಕ್ಸ್ ಬದಲಿಸುವುದು, ಶೌಚ ಎಲ್ಲವೂ ಅದರೊಳಗೆ. ಒಲಿಂಪಿಕ್ಸ್‌ನ ನಡಿಗೆಯಲ್ಲಿ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಆ ಕಾಲು ಮೈಯ ಕೆಳಗೆ ಲಂಬವಾಗಿ ಬರುವವರೆಗೆ ಮೊಣಕಾಲು ಮಡಚಬಾರದು. ನೂರು ಮೈಲಿಯಲ್ಲಿ ಈ ನಿಯಮವನ್ನು ಸಡಿಲಿಸುವುದುಂಟು. ಆದರೆ ಒಂದಲ್ಲ ಒಂದು ಪಾದ ನೆಲದ ಮೇಲಿರಲೇಬೇಕು.

ಮಾಸ್ತರರ ನೋವಿಗೆ ಬರುತ್ತೇನೆ. ಹಿಮ್ಮಡಿ ಊರಿದ ಮೇಲೆ ಪಾದ ದಪ್ಪನೆ ಬೀಳದಂತೆ ತಡೆದು ಇಳಿಸುವುದು ಕಣಕಾಲಿನ ಮುಂದಿನ ಸ್ನಾಯು. ಬಿರುನಡಿಗೆಯಲ್ಲಿ ಅದಕ್ಕೆ ವಿಪರೀತ ದುಡಿಮೆ. ನೂರು ಮೈಲಿಯೆಂದರೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಹೆಜ್ಜೆ. ಆದರೆ ಇವರಿಗೆ ನೋವಿದ್ದದ್ದು ಬಲಗಾಲಿಗೆ ಮಾತ್ರ. ಷೂ ಬಿಚ್ಚಿಸಿ ಮೇಜಿನ ಮೇಲೆ ಜೋಡಿಸಿಟ್ಟೆ. ಎಡಗಡೆಯದು ಸಮವಾಗಿತ್ತು, ಬಲಗಡೆಯದರ ಹಿಮ್ಮಡಿಯ ಹೊರ ಅಂಚು ಮಾತ್ರ ಓರೆಯಾಗಿ ಸವೆದಿತ್ತು. ದಿನವೂ ಮುಂಜಾನೆ ಸೀತಾಂಗೋಳಿ ದಾರಿಯಾಗಿ ಕುಂಬಳೆ ಕಡೆಗೆ, ಎದುರು ಬರುವ ವಾಹನ ಕಾಣಲೆಂದು ಬಲ ಅಂಚಿನಲ್ಲೇ ನಡಿಗೆ. ಮಳೆನೀರು ಇಳಿಯಲೆಂದು ರಸ್ತೆಯನ್ನು ಅಂಚಿಗೆ ತಗ್ಗಾಗಿಯೇ ಮಾಡಿರುತ್ತಾರೆ. ತಿಂಗಳುಗಟ್ಟಲೆ ಬಲಗಾಲು ತಗ್ಗಿನಲ್ಲಿ, ಎಡಗಾಲು ದಿಬ್ಬದಲ್ಲಿ.

ವಾರಕ್ಕೆ ಮೂರು ದಿನ ಶಾಲೆಯ ಮೈದಾನಕ್ಕೆ ಬದಲಾಯಿಸಿ, ಅರ್ಧರ್ಧ ಗಂಟೆಗೆ ಸುತ್ತುವ ದಿಕ್ಕು ತಿರುಗಿಸಿ ಎಂದೆ. ಮೈದಾನ ಸುತ್ತಿದರೆ ಬೇಸರವಾಗುವುದಿಲ್ಲವೇ ಎಂದು ಕೇಳಿದರು. 400 ಮೀಟರಿನ ಟ್ರ್ಯಾಕಿನಲ್ಲಿ ನೂರು ಮೈಲಿಗೆ 402 ಸುತ್ತು ದಾಟುತ್ತದೆ. ಬೇಸರಕ್ಕೂ ಅಭ್ಯಾಸ ಬೇಕು.

ನಮ್ಮ ಕಾಸರಗೋಡಿನ ಸೆಕೆಯ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಇಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಮೈ ತಣಿಯುವುದಿಲ್ಲ, ಉಪ್ಪು ಮಾತ್ರ ಹೋಗುತ್ತದೆ. ಆಗ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯುವುದು, ತಲೆನೋವು, ವಾಂತಿ, ಮಾತು ತೊದಲುವುದು ಅದರ ಲಕ್ಷಣ. ಅಂಥವರಿಗೆ ಮತ್ತೂ ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬೊಂಡದ ನೀರು ಸಾಕಲ್ಲ ಎನ್ನುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿತೆಳಿ ಎಷ್ಟೋ ಮೇಲು, ಹೊಟ್ಟೆಗೂ ಹಿತ.

ಬೊಕ್ಕೆ ಏಳುವುದು ಒದ್ದೆ ಚರ್ಮ ಉಜ್ಜಿದಾಗ. ಗಂಟೆಗಳು ಕಳೆದಂತೆ ಪಾದ ಊದುವುದರಿಂದ ಷೂ ಅರ್ಧ ಅಳತೆಯಾದರೂ ದೊಡ್ಡದಿರಲಿ. ಸಾಕ್ಸ್ ಒದ್ದೆಯಾದ ಕೂಡಲೇ ಬದಲಿಸಿ. ಅದಕ್ಕೆ ಹೋಗುವ ಐದು ನಿಮಿಷ ಆ ಒಂದು ಗಂಟೆಯೊಳಗಿನ ಒಳ್ಳೆಯ ಖರ್ಚು.

ಮೂರು ತಿಂಗಳ ಬಳಿಕ ಮಾಸ್ತರರು ಹೊಸ ಜೋಡಿ ಷೂ ತಂದು ತಾವೇ ನನ್ನ ಮೇಜಿನ ಮೇಲೆ ಮಗುಚಿಟ್ಟರು. ಎರಡೂ ಹಿಮ್ಮಡಿ ಒಂದೇ ತೆರನಾಗಿ ಸವೆದಿದ್ದವು. ನಡುರಾತ್ರಿಯ ನಡಿಗೆಯ ಅಭ್ಯಾಸ ಇನ್ನೂ ಬಾಕಿ ಇದೆ. ಅದಕ್ಕಾಗಿ ಮೈದಾನದ ಗೇಟಿನ ಬೀಗದ ಕೈಯನ್ನು ಕೇಳಿ ಪಡೆದಿದ್ದಾರೆ.