ಫ್ಲೈಟ್ 305ರ ಅಪಹರಣ: ಸಿಬ್ಬಂದಿಯ ನಡೆಯ ಕುರಿತು ಟಿಪ್ಪಣಿ

ಈ ಪ್ರಕರಣವನ್ನು ಓದಹೊರಟವರು ಸಾಮಾನ್ಯವಾಗಿ ಅಪಹರಣಕಾರ ಯಾರೆಂಬ ಬಗೆಹರಿಯದ ಪ್ರಶ್ನೆಯಲ್ಲೇ ಮುಳುಗಿಬಿಡುತ್ತಾರೆ. ನಾವು ಗಮನಿಸಬೇಕಾದದ್ದು ಸಿಬ್ಬಂದಿಯ ನಡೆಯನ್ನು.

1971ರ ನವೆಂಬರ್ 24ರಂದು ಅಮೆರಿಕದ ಪೋರ್ಟ್‌ಲೆಂಡ್‌ನಿಂದ ಸಿಯಾಟಲ್‌ಗೆ ಹೊರಟ ನಾರ್ತ್‌ವೆಸ್ಟ್ ಓರಿಯಂಟ್ ಸಂಸ್ಥೆಯ ಬೋಯಿಂಗ್ 727 ವಿಮಾನದಲ್ಲಿ, ‘ಡ್ಯಾನ್ ಕೂಪರ್’ ಎಂಬ ಹೆಸರಿನಲ್ಲಿ ಟಿಕೆಟ್ ಕೊಂಡಿದ್ದವನೊಬ್ಬ ಗಗನಸಖಿಯ ಕೈಗೆ ಚೀಟಿಯೊಂದನ್ನು ಕೊಟ್ಟನು. (‘ಡಿ. ಬಿ. ಕೂಪರ್’ ಎಂಬುದು ಪತ್ರಿಕೆಗಳ ತಪ್ಪಿನಿಂದ ಅಂಟಿಕೊಂಡ ಹೆಸರು.) ಯಾವನೋ ಫೋನ್ ನಂಬರ್ ಬರೆದುಕೊಟ್ಟಿರಬೇಕೆಂದು ಭಾವಿಸಿ ಅವರು ಅದನ್ನು ಓದದೆ ಬದಿಗಿಟ್ಟರು, ತನ್ನ ಬಳಿ ಬಾಂಬ್ ಇದೆಯೆಂದು ಅವನೇ ಬಾಯಿಬಿಟ್ಟು ಹೇಳಬೇಕಾಯಿತು. ಅವನು ಕೇಳಿದ್ದು 2,00,000 ಡಾಲರ್ ಮತ್ತು ನಾಲ್ಕು ಪ್ಯಾರಾಚೂಟ್. ಸಂಸ್ಥೆಯ ಅಧ್ಯಕ್ಷ ಡೊನಾಲ್ಡ್ ನೈರಾಪ್ ಹಣ ಕೊಡಲು ಒಪ್ಪಿ, ಅವನೊಂದಿಗೆ ಸಹಕರಿಸುವಂತೆ ಸಿಬ್ಬಂದಿಗೆ ತಿಳಿಸಿದರು.

ಸಹಕಾರವೆಂದರೆ ಸುಮ್ಮನೆ ಶರಣಾಗುವುದಲ್ಲ ಎಂಬುದು ಮುಂದಿನ ಗಂಟೆಗಳಲ್ಲಿ ಕಾಣುತ್ತದೆ. ಹಣ ಹೊಂದಿಸಲು ನೆಲದ ಮೇಲಿದ್ದವರಿಗೆ ಸಮಯ ಸಿಗಲೆಂದು ಕ್ಯಾಪ್ಟನ್ ವಿಲಿಯಂ ಸ್ಕಾಟ್ ಸುಮಾರು ಎರಡು ಗಂಟೆ ವಿಮಾನವನ್ನು ಸಿಯಾಟಲ್ ಬಳಿಯ ಪ್ಯೂಜೆಟ್ ಸೌಂಡ್ ಪ್ರದೇಶದ ಮೇಲೆ ಸುತ್ತಿಸಿದರು; ಪ್ರಯಾಣಿಕರಿಗೆ ಸಣ್ಣ ಯಾಂತ್ರಿಕ ತೊಂದರೆಯೆಂದಷ್ಟೇ ಹೇಳಲಾಯಿತು. ಇನ್ನೊಬ್ಬ ಗಗನಸಖಿ ಟೀನಾ ಮಕ್ಲೋ ಅಪಹರಣಕಾರನ ಪಕ್ಕದಲ್ಲೇ ಕುಳಿತು, ಇಂಟರ್‌ಫೋನ್ ಮೂಲಕ ಅವನ ಮಾತನ್ನು ಪೈಲಟ್‌ಗಳಿಗೂ ಅವರ ಉತ್ತರವನ್ನು ಅವನಿಗೂ ಮುಟ್ಟಿಸುತ್ತಿದ್ದರು. ಸಿಯಾಟಲ್‌ನಲ್ಲಿ ಇಳಿದ ಮೇಲೆ ಹಣದ ಚೀಲವನ್ನು ಒಳಕ್ಕೆ ತಂದವರೂ ಅವರೇ. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಕಠಿಣ ಕೆಲಸ ಅದು. ಪ್ರಯಾಣಿಕರೆಲ್ಲರೂ ಅಲ್ಲಿಯೇ ಸುರಕ್ಷಿತವಾಗಿ ಇಳಿದರು.

ಸಿಯಾಟಲ್‌ನಿಂದ ಮೆಕ್ಸಿಕೋ ಸಿಟಿಯತ್ತ ಹೊರಡಬೇಕಿದ್ದ ಎರಡನೆಯ ಹಾರಾಟಕ್ಕೆ ಕೂಪರ್ ವಿಧಿಸಿದ ಷರತ್ತುಗಳು ಅವನ ತಿಳಿವಳಿಕೆಯನ್ನು ಬಿಟ್ಟುಕೊಡುತ್ತವೆ: 10,000 ಅಡಿ ಮೀರದ ಎತ್ತರ, ಕೆಳಗಿಳಿಸಿದ ಚಕ್ರಗಳು, 15 ಡಿಗ್ರಿಗೆ ಇಳಿಸಿದ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಚಲಿಸುವ ಹಲಗೆ). ಹೀಗೆ ನಿಧಾನವಾಗಿ ಹಾರಿದರೆ ಇಂಧನ ಮೆಕ್ಸಿಕೋ ಸಿಟಿಯವರೆಗೆ ಸಾಲುವುದಿಲ್ಲವೆಂದು ಪೈಲಟ್‌ಗಳು ವಿವರಿಸಿ, ಇಂಧನ ತುಂಬಿಸಿಕೊಳ್ಳಲು ನೆವಾಡಾ ರಾಜ್ಯದ ರೀನೋದಲ್ಲಿ ನಿಲ್ಲಲು ಅವನನ್ನು ಒಪ್ಪಿಸಿದರು. ವಾದಕ್ಕಿಳಿಯದೆ ಲೆಕ್ಕವನ್ನೇ ಮುಂದಿಟ್ಟದ್ದು ಇಲ್ಲಿ ಗಮನಾರ್ಹ.

ಹೊರಟ ಸ್ವಲ್ಪ ಹೊತ್ತಿಗೆ ಅವನು ಮಕ್ಲೋ ಅವರನ್ನು ಕಾಕ್‌ಪಿಟ್‌ಗೆ ಕಳುಹಿಸಿದನು. ರಾತ್ರಿ ಸುಮಾರು 8 ಗಂಟೆಗೆ ಹಿಂಬದಿಯ ಮೆಟ್ಟಿಲು ತೆರೆದುಕೊಂಡಿರುವುದನ್ನು ಸೂಚಿಸುವ ದೀಪ ಹತ್ತಿತು. ಆ ಮೆಟ್ಟಿಲನ್ನು ಕಾಕ್‌ಪಿಟ್‌ನಿಂದ ತಡೆಯುವ ವ್ಯವಸ್ಥೆಯೇ ಇರಲಿಲ್ಲ. ರೀನೋದಲ್ಲಿ ಇಳಿದಾಗ ಅವನು ವಿಮಾನದಲ್ಲಿರಲಿಲ್ಲ; ಆ ಮೆಟ್ಟಿಲಿನಿಂದಲೇ ಪ್ಯಾರಾಚೂಟ್‌ನೊಂದಿಗೆ ಜಿಗಿದಿದ್ದನು. ಮೆಟ್ಟಿಲನ್ನು ತಡೆಯಲಾಗದ ಆ ಕೊರತೆಯನ್ನು ತುಂಬಲು 727ಗಳಿಗೆ ‘ಕೂಪರ್ ವೇನ್’ ಎಂಬ ಚಿಕ್ಕ ತಟ್ಟೆಯನ್ನು ಅಳವಡಿಸಲಾಯಿತು: ಹಾರುವಾಗ ಗಾಳಿಯ ಒತ್ತಡಕ್ಕೆ ಅದು ತಿರುಗಿ ಮೆಟ್ಟಿಲಿಗೆ ಅಡ್ಡನಿಲ್ಲುತ್ತದೆ, ನೆಲದಲ್ಲಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಸರಿಸುತ್ತದೆ.