ಅಜ್ಜಿಯ ಉಂಗುರದ ಹರಳು: ಕೈಸಾಣೆಯ ವಜ್ರವನ್ನು ನೋಡಲು ಕಲಿಯುವವರಿಗೆ

ಉಂಗುರವನ್ನು ಗದಗಿನ ಒಂದು ಚಿನ್ನಾಭರಣದ ಅಂಗಡಿಗೆ ಒಯ್ದದ್ದು ಹರಳನ್ನು ಹಿಡಿದಿರುವ ಸವೆದ ಕಾಲುಗಳನ್ನು ಗಟ್ಟಿ ಮಾಡಿಸಲು. ಅಂಗಡಿಯವರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ, "ಹರಳು ದುಂಡಗಿಲ್ಲ, ನಡುವೆ ತೂತು ಕಾಣುತ್ತದೆ, ಹೊಳಪೂ ಸಾಲದು. ಇದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ" ಎಂದರು. ಅಜ್ಜಿಗೆ ಅವರ ತಾಯಿಯಿಂದ ಬಂದ ಉಂಗುರ ಅದು. ರತ್ನಗಳ ಬಗ್ಗೆ ಆಗಷ್ಟೇ ಓದಲು ಶುರು ಮಾಡಿದ್ದ ನಾನು ಒಂದು ಮಾತಿಗೂ ಉತ್ತರ ಕೊಡಲಾಗದೆ ಉಂಗುರವನ್ನು ಹಾಗೆಯೇ ತಂದೆ. ಮನೆಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಕುಳಿತಾಗ ಗೊತ್ತಾಯಿತು: ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರು ದೋಷವೆಂದು ಎಣಿಸಿದ ಮೂರೂ ಸಂಗತಿಗಳು ಸಾಣೆಗಾರನೊಬ್ಬ ಯೋಚಿಸಿ ಮಾಡಿದ ತೀರ್ಮಾನಗಳಾಗಿದ್ದವು. ನನ್ನಂತೆ ಕಲಿಯುತ್ತಿರುವವರಿಗಾಗಿ ಆ ಮೂರನ್ನು ಒಂದೊಂದಾಗಿ ಬಿಡಿಸಿ ಬರೆಯುತ್ತೇನೆ.

ದುಂಡಗೇಕಿಲ್ಲ?

ನೆಲದಿಂದ ಬರುವ ವಜ್ರದ ಸಹಜ ಆಕಾರಗಳಲ್ಲಿ ಮುಖ್ಯವಾದದ್ದು ಅಷ್ಟಮುಖಿ. ಎರಡು ಗೋಪುರಗಳನ್ನು ಬುಡಕ್ಕೆ ಬುಡ ಕೂಡಿಸಿದಂತೆ ಇರುತ್ತದೆ: ಎಂಟು ಮುಖ, ಆರು ತುದಿ, ಹನ್ನೆರಡು ಅಂಚು. ನಮ್ಮ ಹಳೆಯ ರತ್ನಪರೀಕ್ಷೆಯ ಗ್ರಂಥಗಳು ಉತ್ತಮ ವಜ್ರದ ಲಕ್ಷಣವೆಂದು ಹೇಳುವುದೂ ಇದನ್ನೇ. ಗೋಪುರಗಳು ಕೂಡುವ ನಡುಭಾಗ ಚೌಕ. ಆ ಚೌಕದಿಂದ ಪೂರ್ಣ ವೃತ್ತ ತೆಗೆಯಬೇಕಾದರೆ ನಾಲ್ಕು ಮೂಲೆಗಳನ್ನೂ ಕಳೆಯಬೇಕು. ಕಲ್ಲನ್ನು ತೂಕಕ್ಕೆ ಕೊಂಡವನು ಅದಕ್ಕೆ ಒಪ್ಪುವುದು ಸುಲಭವಲ್ಲ. ಆದ್ದರಿಂದ ಸಾಣೆಗಾರ ಮೂಲೆಗಳನ್ನು ಸ್ವಲ್ಪ ಮಾತ್ರ ಮೃದು ಮಾಡಿ, ದಿಂಬಿನಂಥ ಆಕಾರದಲ್ಲಿ ನಿಲ್ಲಿಸುತ್ತಿದ್ದ. ಇದಕ್ಕೆ ಇಂದು 'ಓಲ್ಡ್ ಮೈನ್ ಕಟ್' ಎನ್ನುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 1867ರ ನಂತರ ವಜ್ರ ಸಿಗತೊಡಗಿದಾಗ, ಅದಕ್ಕೆ ಮೊದಲು ಭಾರತ ಮತ್ತು ಬ್ರೆಜಿಲ್‌ನಿಂದ ಬಂದವು 'ಹಳೆಯ ಗಣಿಯ' ಕಲ್ಲುಗಳಾದವು. ಹೆಸರು ಅಲ್ಲಿಂದ ಬಂತು.

ಕಲ್ಲನ್ನು ದುಂಡಗೆ ಮಾಡಲು ಆಗ ಇದ್ದ ದಾರಿ ಒಂದೇ. ಎರಡು ವಜ್ರಗಳನ್ನು ಎರಡು ಕೋಲುಗಳ ತುದಿಗೆ ಅಂಟಿಸಿ, ಒಂದನ್ನು ಇನ್ನೊಂದಕ್ಕೆ ಕೈಯಿಂದಲೇ ಉಜ್ಜುವುದು. ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕು ಎನ್ನುವುದು ಇಲ್ಲಿ ಅಕ್ಷರಶಃ ದಿನದ ಕೆಲಸ. 1870ರ ದಶಕದಲ್ಲಿ ಬಾಸ್ಟನ್‌ನ ಹೆನ್ರಿ ಮೋರ್ಸ್ ಅವರ ಕಾರ್ಖಾನೆಯಲ್ಲಿ ಈ ಉಜ್ಜುವಿಕೆಗೆ ಯಂತ್ರ ಬಂದ ಮೇಲೆಯೇ ದುಂಡು ಹರಳು ಸುಲಭವಾಯಿತು. ಹೀಗೆ ಬಂದ ದುಂಡು ರೂಪ 'ಓಲ್ಡ್ ಯುರೋಪಿಯನ್ ಕಟ್'. ಅಜ್ಜಿಯ ಹರಳು ಅದಕ್ಕಿಂತ ಹಿಂದಿನ ಕೈಯ ಪದ್ಧತಿಯದು; ಒಂದು ಬದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉಬ್ಬಿದೆ.

ಲಕ್ಕುಂಡಿಯ ಕಂಬಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿನ ಬಳಪದ ಕಲ್ಲು ಮೆದು. ಉಳಿ ಹೇಳಿದತ್ತ ಅದು ಒಲಿಯುತ್ತದೆ. ವಜ್ರ ಹಾಗೆ ಒಲಿಯುವುದಿಲ್ಲ. ಅದರ ಗಡಸುತನ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ಅಷ್ಟಮುಖಿಯ ಮುಖಕ್ಕೆ ಸರಿಸಮನಾಗಿ ಸಾಣೆಗೆ ಒತ್ತಿದರೆ ಕಲ್ಲು ಸವೆಯುವುದೇ ಇಲ್ಲ, ಸಾಣೆಯೇ ಹಾಳಾಗುತ್ತದೆ. ತುಸು ಓರೆ ಮಾಡಿದರೆ ಸವೆಯುತ್ತದೆ. ಅದೇ ಮುಖದ ಉದ್ದಕ್ಕೆ ಸೀಳುವ ಸ್ವಭಾವವೂ ಅದಕ್ಕಿದೆ: ನಾಲ್ಕು ದಿಕ್ಕುಗಳಲ್ಲಿ ಒಂದೇ ಏಟಿಗೆ ಹೋಳಾಗಬಲ್ಲದು. ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯನ್ನು ಕಬ್ಬಿಣದ ಚಕ್ರಕ್ಕೆ ಸವರಿ, ಕಲ್ಲನ್ನು ಅದರ ಮೇಲೆ ಒತ್ತಿ, ಸದ್ದನ್ನೂ ಕೈಗೆ ತಾಗುವ ನಡುಕವನ್ನೂ ಗಮನಿಸಿ ದಿಕ್ಕನ್ನು ಹುಡುಕಬೇಕಾಗಿತ್ತು. ಕೈಸಾಣೆ ಎಂದರೆ ಚಕ್ರವೇ ಇರಲಿಲ್ಲ ಎಂದಲ್ಲ. ಚಕ್ರವಿತ್ತು, ಅದನ್ನು ತಿರುಗಿಸಲು ಬೇರೆ ಕೈಗಳಿದ್ದವು. ಎಷ್ಟು ಓರೆ, ಎಷ್ಟು ಹೊತ್ತು ಎಂಬುದನ್ನು ಮಾತ್ರ ಸಾಣೆಗಾರನ ಕಣ್ಣೇ ತೀರ್ಮಾನಿಸುತ್ತಿತ್ತು.

ನಡುವಿನ 'ತೂತು'

ಅದು ತೂತಲ್ಲ. ಹರಳಿನ ಅಡಿಯ ಮೊನೆಯನ್ನು ಹಾಗೆಯೇ ಚೂಪಾಗಿ ಬಿಟ್ಟರೆ ಮುರಿಯುತ್ತದೆಂದು ಅಲ್ಲೊಂದು ಪುಟ್ಟ ಚಪ್ಪಟೆ ಮುಖ ಕೊಡುತ್ತಿದ್ದರು. ಹೆಸರು ಕ್ಯೂಲೆಟ್. ಮೇಲಿನ ಸಮತಟ್ಟು ಮುಖವಾದ ಟೇಬಲ್ ಮೂಲಕ ನೋಡಿದಾಗ ಅದು ಚಿಕ್ಕ ಕಿಟಕಿಯಂತೆ ಕಾಣುತ್ತದೆ, ಅಲ್ಲಿಂದ ಬೆಳಕು ಹಿಂದಕ್ಕೆ ಜಾರುವುದರಿಂದ ಕಪ್ಪಾಗಿ ತೋರುತ್ತದೆ. ಇಂದಿನ ಹರಳುಗಳಲ್ಲಿ ಇದು ಇರುವುದಿಲ್ಲ, ಇದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ. ನನಗಂತೂ ಈಗ ಹಳೆಯ ಹರಳಿನಲ್ಲಿ ಕಣ್ಣು ಮೊದಲು ಹುಡುಕುವುದು ಇದನ್ನೇ.

ಹೊಳಪು ಸಾಲದೆ?

ಇದೇ ಇಡೀ ವಿಷಯದ ತಿರುಳು, ಸ್ವಲ್ಪ ನಿಧಾನವಾಗಿ ನೋಡೋಣ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಅಳತೆ ವಕ್ರೀಭವನ ಸೂಚ್ಯಂಕ; ವಜ್ರದ್ದು 2.42. ಅದರ ಒಳಗೆ ಹೊಕ್ಕ ಬೆಳಕು ಹಿಂಬದಿಯ ಮುಖವೊಂದಕ್ಕೆ ತಾಗಿದಾಗ, ಆ ಮುಖದ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಹೋಗಲಾರದೆ ಪೂರ್ತಿ ಹಿಂದಿರುಗುತ್ತದೆ. ಸಾಧಾರಣ ಗಾಜಿನಲ್ಲಿ ಈ ಮಿತಿ 41 ಡಿಗ್ರಿಯ ಆಸುಪಾಸು. ಅಂದರೆ ಗಾಜು ಬಿಟ್ಟುಕೊಡುವ ಬಹಳಷ್ಟು ಬೆಳಕನ್ನು ವಜ್ರ ಹಿಡಿದಿಟ್ಟು ನಮ್ಮ ಕಣ್ಣಿಗೇ ಮರಳಿಸಬಲ್ಲದು. ಹೊರಬರುವಾಗ ಬಿಳಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಶಕ್ತಿಯೂ ಅದಕ್ಕೆ ಹೆಚ್ಚು. ಮೊದಲನೆಯದು ಬಿಳಿಯ ಮಿನುಗು, ಎರಡನೆಯದು ಬಣ್ಣದ ಕಿಡಿ. ಕಲಿಯುವವರು ಇವೆರಡನ್ನು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಬೇಕು, ಏಕೆಂದರೆ ಹಳೆಯ ಮತ್ತು ಹೊಸ ಹರಳಿನ ಜಗಳವೆಲ್ಲ ಇವೆರಡರ ನಡುವಿನದು.

1919ರಲ್ಲಿ ಬೆಲ್ಜಿಯಂನ ವಜ್ರ ಸಾಣೆಗಾರರ ಮನೆತನದ ಮಾರ್ಸೆಲ್ ಟೋಲ್ಕೋವ್‌ಸ್ಕಿ ಎರಡಕ್ಕೂ ಸಮತೋಲನ ಕೊಡುವ ಅಳತೆಗಳನ್ನು ಲೆಕ್ಕ ಹಾಕಿ ಪ್ರಕಟಿಸಿದರು: ಟೇಬಲ್ ಹರಳಿನ ಅಗಲದ ಶೇಕಡಾ 53, ಮೇಲ್ಭಾಗದ ಓರೆ 34.5 ಡಿಗ್ರಿ, ಕೆಳಭಾಗದ್ದು 40.75 ಡಿಗ್ರಿ. ಇಂದಿನ ದುಂಡು ಹರಳುಗಳು ಈ ಲೆಕ್ಕದ ಸಂತಾನ. ಹಳೆಯ ಹರಳಿನಲ್ಲಿ ಟೇಬಲ್ ಇನ್ನೂ ಕಿರಿದು, ಮೇಲ್ಭಾಗ ಎತ್ತರ, ಅದರ ಓರೆ 40 ಡಿಗ್ರಿಯಷ್ಟು ಅಥವಾ ಹೆಚ್ಚು. ಮುಖಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ, 58. ಆದರೆ ಕೆಳಗಿನ ಸಣ್ಣ ಮುಖಗಳು ಗಿಡ್ಡವಾಗಿರುವುದರಿಂದ ದೊಡ್ಡ ಮುಖಗಳು ಅಗಲವಾಗಿ ಉಳಿಯುತ್ತವೆ. ಹೊಸ ಹರಳು ಬೆಳಕನ್ನು ಸೂಜಿಮೊನೆಯಂಥ ನೂರಾರು ಚೂರುಗಳಾಗಿ ಒಡೆಯುತ್ತದೆ. ಹಳೆಯದು ಅದನ್ನು ಕೆಲವೇ ಅಗಲ ಹಾಳೆಗಳಾಗಿ ತಿರುವುತ್ತದೆ. ಚೂರು ಚಿಕ್ಕದಾದಾಗ ಬಣ್ಣ ಕಣ್ಣಿಗೆ ಸಿಗುವ ಮೊದಲೇ ಬಿಳಿಯಲ್ಲಿ ಕರಗುತ್ತದೆ. ಹಾಳೆ ಅಗಲವಾದಾಗ ಕೆಂಪು, ಹಸಿರು, ನೀಲಿಗಳು ಒಂದೊಂದಾಗಿ ಎದ್ದು ಬರುತ್ತವೆ.

ಇದಕ್ಕೆ ಬೇಕಾದ ಬೆಳಕೂ ಬೇರೆ. ಬಣ್ಣದ ಕಿಡಿ ಕಾಣಲು ಸುತ್ತ ಮಬ್ಬಿರಬೇಕು, ಬೆಳಕು ಒಂದು ಬಿಂದುವಿನಿಂದ ಬರಬೇಕು. ಈ ಹರಳುಗಳು ಹುಟ್ಟಿದ್ದು ದೀಪದ, ಮೇಣದ ಬತ್ತಿಯ ಕಾಲದಲ್ಲಿ. ಟ್ಯೂಬ್‌ಲೈಟು ಎಲ್ಲೆಡೆ ಹರಡಿದ ಬೆಳಕು. ಅದರ ಕೆಳಗೆ ಹಳೆಯ ಹರಳನ್ನು ತೂಗುವುದು ತಂಬೂರಿಯ ನಾದವನ್ನು ಸಂತೆಯ ನಡುವೆ ನಿಂತು ಕೇಳಿದ ಹಾಗೆ. ಒಂದು ಸಂಜೆ ಕರೆಂಟು ಹೋದಾಗ ಅಜ್ಜಿ ದೇವರ ಮುಂದಿನ ಸಮೆಯನ್ನು ಸರಿಪಡಿಸಲು ಕೈ ಚಾಚಿದರು. ಉಂಗುರದಲ್ಲಿ ಕಿತ್ತಳೆ ಬಣ್ಣದ ಹಾಳೆಯೊಂದು ಎದ್ದು, ಹಸಿರಾಗಿ ಹೊರಳಿ, ಆರಿತು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಸಾಲು ನನಗೆ ತಿಳಿದದ್ದು ಆ ಕ್ಷಣ. ನೀವೂ ಕೋಣೆಯ ದೀಪವಾರಿಸಿ, ಒಂದೇ ಹಣತೆ ಹಚ್ಚಿ, ಉಂಗುರವನ್ನು ನಿಧಾನವಾಗಿ ಹೊರಳಿಸಿ ನೋಡಿ.

ಕಲ್ಲು ಬಂದ ದಾರಿ

ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಚಿನ್ನವಿದೆ, ವಜ್ರವಿಲ್ಲ. ಆದರೆ ನಮ್ಮ ತುಂಗಭದ್ರೆ ಕೃಷ್ಣೆಯನ್ನು ಸೇರಿದ ಮೇಲೆ ಹರಿಯುವ ಕೆಳಗಿನ ದಂಡೆಗಳು ಒಂದು ಕಾಲಕ್ಕೆ ಜಗತ್ತಿಗೆಲ್ಲ ವಜ್ರ ಕೊಟ್ಟವು. ಗೋಲ್ಕೊಂಡದ ವಜ್ರ ಎಂದು ಹೆಸರಾದವು ಆಂಧ್ರದ ಕೊಲ್ಲೂರಿನಂಥ ನದಿದಂಡೆಯ ಗಣಿಗಳಿಂದ ಬಂದವು. ಬ್ರೆಜಿಲ್‌ನಲ್ಲಿ 18ನೆಯ ಶತಮಾನದ ಮೊದಲ ಭಾಗದಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ಮುಖ್ಯ ಆಕರ ಭಾರತವೇ. 17ನೆಯ ಶತಮಾನದಲ್ಲಿ ಆ ಗಣಿಗಳನ್ನು ನೋಡಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಂದು ಸೂಕ್ಷ್ಮವನ್ನು ದಾಖಲಿಸಿದ್ದಾನೆ: ಇಲ್ಲಿನ ಸಾಣೆಗಾರರು ಕಲ್ಲು ಶುಭ್ರವಾಗಿದ್ದರೆ ಚಕ್ರವನ್ನು ಸುಮ್ಮನೆ ಸೋಕಿಸಿ ಬಿಡುತ್ತಿದ್ದರು, ಒಳಗೆ ಕಲೆಯಿದ್ದರೆ ಮಾತ್ರ ಮೈತುಂಬ ಸಣ್ಣ ಮುಖಗಳನ್ನು ಕೊಟ್ಟು ಅದನ್ನು ಮರೆಸುತ್ತಿದ್ದರು. ಹೆಚ್ಚು ಮುಖವಿದ್ದರೆ ಹೆಚ್ಚು ಶ್ರೇಷ್ಠ ಎಂದು ನಂಬಿ ಬೆಳೆದ ನನಗೆ ಇದು ದೊಡ್ಡ ಪಾಠವಾಯಿತು.

ಕೊಹಿನೂರಿನ ಕಥೆಯನ್ನು ಇದರ ಜೊತೆಗಿಟ್ಟು ಓದಬೇಕು. 1851ರ ಲಂಡನ್ ಪ್ರದರ್ಶನದಲ್ಲಿ ಅದನ್ನು ನೋಡಿದ ಜನ ಹೊಳಪಿಲ್ಲವೆಂದು ನಿರಾಶರಾದರು. ಮರುವರ್ಷ ಅದನ್ನು ಮತ್ತೆ ಸಾಣೆಗೆ ಕೊಟ್ಟರು. ಸುಮಾರು 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಹೋದದ್ದು ತೂಕ ಮಾತ್ರವಲ್ಲ, ಆ ಕಲ್ಲಿಗೆ ಮೊದಲು ರೂಪ ಕೊಟ್ಟ ಕೈಗಳ ಗುರುತೂ ಹೋಯಿತು. ಅಂಗಡಿಯಲ್ಲಿ ಯಾರಾದರೂ ಹಳೆಯ ಹರಳಿಗೆ ಹೊಸ ಸಾಣೆ ಹಿಡಿಸಿ ಎಂದಾಗ ನನಗೆ ಈ ಎರಡು ಅಂಕಿಗಳೇ ನೆನಪಾಗುತ್ತವೆ.

ಗುರುತಿಸುವಾಗ ಎಚ್ಚರ

ಹಳೆಯ ಕಟ್ ಇದ್ದ ಮಾತ್ರಕ್ಕೆ ಹರಳು ಹಳೆಯದೆಂದು ಹೇಳಲಾಗದು. ಈಗ ಹೊಸ ಕಲ್ಲುಗಳಿಗೂ, ಪ್ರಯೋಗಾಲಯದಲ್ಲಿ ಬೆಳೆಸಿದವಕ್ಕೂ ಹಳೆಯ ರೂಪದ ಸಾಣೆ ಹಿಡಿಯುತ್ತಾರೆ. ಆದ್ದರಿಂದ ಹರಳಿನ ಜೊತೆ ಉಂಗುರವನ್ನೂ ಓದಬೇಕು: ಬೆರಳು ತಾಗಿ ಸವೆದ ಒಳಮೈ, ಕಾಲುಗಳ ತೇಯ್ದ ತುದಿ, ಬೆಸುಗೆಯ ಗುರುತು. ಲೂಪಿನಲ್ಲಿ ಮುಖಗಳು ಕೂಡುವ ಅಂಚುಗಳನ್ನು ನೋಡಿ. ವಜ್ರದಲ್ಲಿ ಅವು ಚೂಪಾಗಿ ಉಳಿದಿರುತ್ತವೆ, ಹಳೆಯ ಗಾಜಿನಲ್ಲಿ ಸವೆದು ಮೊಂಡಾಗಿರುತ್ತವೆ. ಹಿಂಬದಿಯ ಅಂಚುಗಳು ಎರಡೆರಡಾಗಿ ಕಂಡರೆ ಅದು ವಜ್ರದಂತೆಯೇ ಕಾಣುವ ಕೃತಕ ಹರಳಾದ ಮೋಯ್ಸನೈಟ್ ಇರಬಹುದು. ಶಾಖದಿಂದ ಪರೀಕ್ಷಿಸುವ ಸಾಮಾನ್ಯ ಯಂತ್ರ ಅದನ್ನೂ ವಜ್ರವೆಂದೇ ಹೇಳಿಬಿಡುತ್ತದೆ. ಇನ್ನೊಂದು ಮಾತು: ಹೊಸ ದುಂಡು ಹರಳು ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ ತೂಗಿದರೆ ಅಗಲ 6.5 ಮಿಲಿಮೀಟರಿನ ಆಸುಪಾಸು ಇರುತ್ತದೆ. ಹಳೆಯದು ಆಳವಾಗಿರುವುದರಿಂದ ಅದೇ ತೂಕಕ್ಕೆ ಮೇಲಿನಿಂದ ಚಿಕ್ಕದಾಗಿ ಕಾಣುತ್ತದೆ. ಅಗಲ ನೋಡಿ ತೂಕ ಹೇಳುವವರ ಮುಂದೆ ಇದನ್ನು ಮರೆಯಬೇಡಿ.

ಹಿಂಬದಿ ಮುಚ್ಚಿದ ಆಭರಣಗಳ ವಿಷಯ ಬೇರೆ. ಅಡಿ ಚಪ್ಪಟೆಯಾಗಿ ಮೇಲೆ ಮೊಗ್ಗಿನಂತೆ ಉಬ್ಬಿರುವ ರೋಸ್ ಕಟ್, ಹೆಚ್ಚು ಸಾಣೆ ಹಿಡಿಯದೆ ಕುಂದಣದಲ್ಲಿ ಕೂಡಿಸುವ ಪೋಲ್ಕಿ ಹರಳುಗಳು ಬೆಳಕನ್ನು ತಾವಾಗಿ ಪೂರ್ತಿ ಮರಳಿಸಲಾರವು. ಅದಕ್ಕೇ ಕೆಳಗೆ ಬೆಳ್ಳಿಯ ತೆಳು ತಗಡಿಟ್ಟು ಮುಚ್ಚುತ್ತಾರೆ. ಅಮ್ಮ ಒಮ್ಮೆ ಅಂಥ ಓಲೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದರು. ನೀರು ಒಳಗಿಳಿದು ತಗಡು ಕಪ್ಪಾಯಿತು, ಹರಳುಗಳು ಕುರುಡಾದವು. ಒಣ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದಕ್ಕಿಂತ ಹೆಚ್ಚಿನದೇನನ್ನೂ ಇವಕ್ಕೆ ಮಾಡಬಾರದು. ಹಿಂಬದಿ ತೆರೆದಿರುವ ಅಜ್ಜಿಯ ಉಂಗುರಕ್ಕೆ ಈ ಭಯವಿಲ್ಲ. ಉಗುರುಬೆಚ್ಚಗಿನ ಸೋಪುನೀರು, ಮೆದು ಬ್ರಷ್ ಸಾಕು.

ಕೊನೆಗೆ ಉಂಗುರದ ಕಾಲುಗಳನ್ನು ಗಟ್ಟಿ ಮಾಡಿಕೊಟ್ಟವರು ಹುಬ್ಬಳ್ಳಿಯ ಒಬ್ಬ ಹಿರಿಯ ಪತ್ತಾರರು. ಬೆಲೆಯ ಮಾತಿಗೆ ಮೊದಲೇ ಅವರು ಹರಳನ್ನು ಕಿಟಕಿಗೆ ಬೆನ್ನು ಮಾಡಿ ತಮ್ಮ ಮೈಯ ನೆರಳಿನಲ್ಲಿ ಹಿಡಿದು ನೋಡಿದರು. ಆಮೇಲೆ, ಹರಳನ್ನು ಕೀಳದೆಯೇ ಕೆಲಸ ಮಾಡುತ್ತೇನೆ, ಎರಡು ದಿನ ಹೆಚ್ಚು ಬೇಕು ಎಂದರು. ನಾಲ್ಕು ದಿನ ಕಾದೆ.